ಎರಡು ಆಲೂಗಡ್ಡೆ

ಕಯಾಂಬೆಯ ಸಂತೆಯಲ್ಲಿ ಸೋಯ್ಲಾ ಅಜ್ಜಿಯದು ಮೂರನೇ ಸಾಲು,
ಬೆನ್ನಿಗೆ ಹಿಮದ ಬೆಟ್ಟ, ಎದುರಿಗೆ ಬಸ್ಸುಗಳ ಹೊಗೆ.
ಕಂಬಕ್ಕೆ ನೇತುಬಿಟ್ಟ ಸ್ಪ್ರಿಂಗ್ ತಕ್ಕಡಿ
ಮಾಂತಾ ಬಂದರಿನಲ್ಲಿ ಹಡಗಿನ ಅಡುಗೆಯವನೊಬ್ಬ ಮಾರಿಹೋದದ್ದು;
ಹಣೆಯ ಮೇಲೆ ಅದರ ತವರಿನ ಹೆಸರು:
ಹ್ಯಾಮರ್‌ಫೆಸ್ಟ್, ನಾರ್ವೆ.

ಮೊಮ್ಮಗ ವಿಲ್ಮರ್ ನನ್ನ ಕ್ಲಾಸಿನವನು.
ಸೋಮವಾರ ಮುಖ ಊದಿಸಿಕೊಂಡು ಬಂದ.
"ಟೀಚರ್, ಮನೆಯಲ್ಲಿ ಎರಡು ತಟ್ಟೆಯ ತಕ್ಕಡಿ,
ಕಲ್ಲಿಟ್ಟು ತೂಗಿದರೆ ಮೂಟೆ ಸರಿಯಾಗಿ ನಲವತ್ತಾರು ಕಿಲೋ.
ಸಂತೆಯಲ್ಲಿ ನೇತುಹಾಕಿದರೆ ಕಾಲು ಕಿಲೋ ಕಮ್ಮಿ.
ಅಜ್ಜಿ ಪ್ರತಿ ಮೂಟೆಗೂ ಎರಡು ಆಲೂಗಡ್ಡೆ ಕೈಯಿಂದ ಹಾಕುತ್ತಾಳೆ,
ಹಾಕುವಾಗೆಲ್ಲ ನನ್ನ ಜೇಬು ನೋಡುತ್ತಾಳೆ."

ಬೋರ್ಡಿನ ಮೇಲೆ ಭೂಮಿ ಬರೆದೆ, ತುಸು ಹೊಟ್ಟೆ ಬಂದ ಭೂಮಿ.
ಹೊಟ್ಟೆಯ ಮೇಲೆ ನಾವು, ನೆತ್ತಿಯ ಹತ್ತಿರ ಹ್ಯಾಮರ್‌ಫೆಸ್ಟ್.
ನಡುವಿನಿಂದ ದೂರ, ಅದರ ಮೇಲೊಂದು ಬೆಟ್ಟದೂರು,
ಸಾಲದ್ದಕ್ಕೆ ಗಿರಗಿರ ತಿರುಗುವ ಅಂಚು.

"ಮೂಟೆ ತರುವ ಮೊದಲೇ, ಯಾರೂ ಬಂದು ನಿಲ್ಲುವ ಮೊದಲೇ
ಈ ಖಾಲಿ ಜಾಗಕ್ಕೊಂದು ದರವಿದೆ, ಮಕ್ಕಳೇ,
ಕಿಲೋಗೆ ಇಷ್ಟು ನ್ಯೂಟನ್ ಎಂದು.
ಆಲೂಗಡ್ಡೆ ತನ್ನಿ, ಸೀಸ ತನ್ನಿ, ನೀವೇ ಬನ್ನಿ,
ಗಿರಾಕಿಯ ಮುಖ ನೋಡಿ ದರ ಬದಲಾಗದು.
ಊರು ಬದಲಾದರೆ ಬದಲಾಗುತ್ತದೆ:
ಅಲ್ಲಿ ಒಂಬತ್ತು ಬಿಂದು ಎಂಟು ಮೂರು,
ಇಲ್ಲಿ ಒಂಬತ್ತು ಬಿಂದು ಏಳು ಏಳು,
ಚಂದ್ರನಲ್ಲಿ ಬರೀ ಒಂದು ಬಿಂದು ಆರು."
"ಹಾಗಾದರೆ ಚಂದ್ರನಲ್ಲೇ ಮೂಟೆ ಹೊರೋಣ!" ಹಿಂದಿನ ಬೆಂಚು ಕೂಗಿತು.

ಪುಸ್ತಕ ಇದನ್ನೇ ಗುರುತ್ವ ಕ್ಷೇತ್ರದ ತೀವ್ರತೆ ಎನ್ನುತ್ತದೆ,
ಕಾಯಿಲೆಯ ಹೆಸರು ಹೇಳುವ ಡಾಕ್ಟರರ ದನಿಯಲ್ಲಿ.

ಮನೆಯ ತಕ್ಕಡಿಗೆ ಇದರ ಗೊಡವೆಯಿಲ್ಲ.
ಕಲ್ಲಿಗೂ ಅದೇ ದರ, ಮೂಟೆಗೂ ಅದೇ ದರ,
ಎಲ್ಲಿ ಹಿಡಿದರೂ ಮುಳ್ಳು ನೆಟ್ಟಗೆ.
ಸ್ಪ್ರಿಂಗಿಗೆ ಎದುರುತಟ್ಟೆಯ ಜೊತೆಗಾರನಿಲ್ಲ;
ಅದು ಎಳೆತವನ್ನಷ್ಟೇ ಬಲ್ಲುದು,
ತವರಿನ ದರದಲ್ಲೇ ಭಾಗಿಸಿ ಕಿಲೋ ಎಂದು ಕೂಗುತ್ತದೆ.
ಮೂಟೆಯೊಳಗೆ ಒಂದು ಗೆಡ್ಡೆಯೂ ಕರಗಿಲ್ಲ.
ಕದ್ದವರು ಯಾರೂ ಇಲ್ಲ, ವಿಲ್ಮರ್.

ಶನಿವಾರ ಸಂತೆಗೆ ಹೋಗಿ ಅಜ್ಜಿಗೂ ಹೇಳಿದೆ,
ಕೈ ಬೀಸಿ, ಕಿತ್ತಳೆಯೊಂದನ್ನು ಹಿಸುಕಿ ಭೂಮಿ ಮಾಡಿ.
ಕಿತ್ತಳೆಗೆ ಕಾಸು ಇಸಿದುಕೊಂಡಳು.
"ಸೊನ್ನೆಯ ತಿರುಪು ತಿರುಗಿಸಿದರೆ?" ಎಂದಳು.
ಆಗ ಸೊನ್ನೆಯೇ ಸುಳ್ಳಾಗುತ್ತದೆ, ಎಂದೆ.
ಸ್ವಲ್ಪ ಹೊತ್ತು ಸುಮ್ಮನಿದ್ದಳು,
ಪಕ್ಕದಂಗಡಿಯ ಹುಡುಗಿಯಿಂದ ಉಗುರುಬಣ್ಣ ಕೇಳಿ ಪಡೆದು,
ಮನೆಯಲ್ಲಿ ತೂಗಿದ ಮೂಟೆ ನೇತುಹಾಕಿ,
ಮುಳ್ಳು ನಿಂತಲ್ಲಿ,
ನಲವತ್ತಾರಕ್ಕೆ ಕೂದಲೆಳೆ ಮುಂಚೆ,
ಕೆಂಪು ಗೆರೆ ಎಳೆದಳು.

ನಾನು ಇಡೀ ಪೀರಿಯಡ್ ಉಜ್ಜಿದ್ದನ್ನು
ಅವಳು ಒಂದು ಗೆರೆಯಲ್ಲಿ ಮುಗಿಸಿದಳು.

ವಿಲ್ಮರ್ ಮಾತ್ರ ಪರೀಕ್ಷೆಯಲ್ಲಿ
ತೂಕದ ಮುಂದೆ ಮತ್ತೆ ಕಿಲೋಗ್ರಾಂ ಎಂದೇ ಬರೆದ.
ಅರ್ಧ ಅಂಕ ಕಳೆದೆ.
ಈ ಸಲ ಕದ್ದದ್ದು ನಾನೇ.