ಎರಡು ಮನಿ ಮೂಗು

ಅಮಾಸಿ. ಬನಹಟ್ಟಿಯ ನಮ್ಮ ಓಣಿಯ ಮಗ್ಗಗಳಿಗೆ ಸೂಟಿ.
ಇಷ್ಟು ಸುಮ್ಮನಿದ್ದರೆ
ನಮ್ಮ ಮಾತು ನಮಗೇ ಜೋರೆನಿಸುತ್ತದೆ,
ಖಟಪಟದ ಮೇಲೆ ಒದರಿ ಒದರಿ ಬೆಳೆದ ಗಂಟಲು.

ಬ್ಯಾಟರಿ ಹಿಡಿದು ನಾನು,
ಗೋಡೆಗೂ ಟಿವಿಗೂ ನಡುವೆ ತೂರಿಕೊಂಡು ಸದು.
ಅವನ ಅಂಗೈಯ ಗೇಮು
ಬೆಳಗಾವಿಯಲ್ಲಿ ಯಾರೋ ಆಡಿ ಬಿಟ್ಟದ್ದು.
ಎಡಗಡೆಯ ಗುಂಡಿ ಒತ್ತಿದರೆ ಒಳಗೇ ಉಳಿಯುತ್ತದೆ,
ಉಗುರಿನಿಂದ ಎಬ್ಬಿಸಬೇಕು.
ವಾಯರು ಮಾತ್ರ ಹೊಸದು. ಅಲ್ತಾಫನ ಅಂಗಡಿ, ನೂರಾ ಎಂಬತ್ತು.

"ಕೆಂಪು ಕೆಂಪಿಗೆ, ಬಿಳಿ ಬಿಳಿಗೆ.
ಹಳದಿಗೆ ತೂತ ಇಲ್ಲಲ್ಲಬೇ ಅಕ್ಕಾ!"
ಇತ್ತು. ಎಂದೋ ಬಳಿದ ಸುಣ್ಣ ಸಿಡಿದು
ಬಿಳಿಯಾಗಿ ಕೂತಿತ್ತು.
ಅವ್ವನ ತಲೆಪಿನ್ನಿನಿಂದ ಕೆರೆದೆ.

ಮೊದಲು ಸಪ್ಪಳ ಬಂತು.
ಒಳಗಿಂದ ಅವ್ವ: "ಯಾರದ್ ಫೋನು, ಎತ್ತರ್ಯೋ."
ಆಮೇಲೆ ಚಿತ್ರ. ಬಣ್ಣವಿಲ್ಲ.
ಅಂಗೈಯಲ್ಲಿ ಹಸಿರು ಅಂಗಿ ತೊಟ್ಟು ಹಾರುತ್ತಿದ್ದವ
ಇಲ್ಲಿ ಬೂದಿ ಬಡಿದುಕೊಂಡು ನಿಂತಿದ್ದ,
ಮೈತುಂಬ ಚೌಕ.
ಸದು ಟಿವಿಯ ನೆತ್ತಿಗೆ ಎರಡು ಸಲ ಬಡಿದ.
ಬಣ್ಣ ಬಂದದ್ದು ಅವನ ಕಣ್ಣಿಗೆ.

ಕಟ್ಟೆಯ ಮೇಲಿಂದ ಅಪ್ಪ ಎದ್ದು ಬಂದ.
ಇಪ್ಪತ್ತೆರಡು ವರ್ಷ ಜಕಾರ್ಡಿನ ರಟ್ಟಿಗೆ ತೂತು ಹೊಡೆದವ,
ಚೌಕದ ಹಾಳೆಯಲ್ಲಿ ಮನೆ ಎಣಿಸಿ ನವಿಲು ಇಳಿಸುವವ.
ಚಸ್ಮಾ ಹಣೆಗೇರಿಸಿ ಗಾಜಿಗೆ ಮುಖ ಹಚ್ಚಿದ.
"ತಡಿ, ಅಂವನ್ನ ಅಲುಗಾಡಸಬ್ಯಾಡ.
ಮೂಗು ಎರಡು ಮನಿ. ಟೊಪ್ಪಿಗಿ ಐದು.
ಕಾಲು... ಇಲ್ಲೊಂದು ಮನಿ ತಪ್ಪ್ಯಾರ ಯಾರೋ."

"ತಪ್ಪಲ್ಲಪ್ಪಾ, ಓಡಾಕತ್ಯಾನ ಅಂವ."
"ಓಡ್ಲಿ. ಕಾಲು ಸಮ ಇರಬಾರದೇನು?"

"ಬಣ್ಣನ ಇಲ್ಲ ನೋಡಪ್ಪಾ."
"ರಟ್ಟಿಗೆಲ್ಲಿ ಬಣ್ಣ ಇರ್ತದೋ ಹುಚ್ಚಾ,
ಅದು ನೂಲಿನ ಬಾಬತ್ತು."
ಸದುಗೆ ತಿಳಿಯಲಿಲ್ಲ. ನನಗೂ ಅರ್ಧ.

ಆಟ ಬಿಟ್ಟ. ಹಳ್ಳ ಬಂತು, ಗೊಂಬೆ ಬಿತ್ತು, ಸತ್ತಿತು,
ಮತ್ತೆ ಮೊದಲ ಜಾಗದಲ್ಲಿ ನಿಂತಿತು.
"ಎದ್ದನಲ್ಲೋ ಮಗ!" ಎಂದು ಅಪ್ಪ
ನೆಲಕ್ಕೇ ಕೂತುಬಿಟ್ಟ, ಕೈ ಚಾಚಿದ.
ಅವನ ಹೆಬ್ಬೆರಳಿಗೆ ಎರಡು ಗುಂಡಿ ಒಮ್ಮೆಲೇ ಸಿಕ್ಕವು.
ಗೊಂಬೆ ಹಾರಿತು, ಹಿಂದಕ್ಕೆ.
ಚಹಾ ಕೆನೆಗಟ್ಟಿತು. ಅವ್ವ ಮೂರು ಸಲ ಕರೆದಳು.

ಮರುದಿನ ಓಣಿ ಮತ್ತೆ ಖಟಪಟ.
ಅಪ್ಪನ ಹಾಳೆಯಲ್ಲಿ ಸೆರಗಿನ ಬಳ್ಳಿ, ಅರ್ಧ.
ಅದರ ಅಂಚಿನಾಚೆ ಪೆನ್ಸಿಲ್ಲಿನಲ್ಲಿ
ಎರಡು ಮನಿ ಮೂಗಿನವ ನಿಂತಿದ್ದ,
ಕಾಲು ಎರಡೂ ಸಮ.

ಹೀಗಾದರೆ ಓಡುವುದು ಹೆಂಗ, ಅಂದ ಸದು.
ರಬ್ಬರು ಹುಡುಕುತ್ತಿದ್ದೇವೆ.