ಕಂಡದ್ದು ಹೇಳು

ಇನ್ನಾಸಪ್ಪನ ಕಣ್ಣು
ದೂರವಾಣಿನಗರದ ಫ್ಯಾಕ್ಟರಿಯ ವೆಲ್ಡಿಂಗ್ ಬೆಳಕಿಗೆ
ಮೂವತ್ತು ವರ್ಷ ಕೊಟ್ಟ ಕೈಸಾಲ, ತಿರುಗಿ ಬಂದಿಲ್ಲ.
ಹಾಗಾಗಿ ಎಲೆಮಲ್ಲಪ್ಪ ಶೆಟ್ಟಿ ಕೆರೆ ಏರಿಯ ಮೇಲೆ
ಭಾನುವಾರ, ಚರ್ಚಿನಲ್ಲಿ ಮೊದಲ ಪೂಜೆ ಮುಗಿಸಿ ಬಂದು
ನಮ್ಮಿಬ್ಬರ ಕರಾರು ಇಷ್ಟೇ:
‘ಕಂಡದ್ದು ನೀನು ಹೇಳು. ಹೆಸರು ನಾನು ಹೇಳ್ತೀನಿ.’

ಅಂತರಗಂಗೆಯ ಅಂಚಿಗೆ ಸಾಲಾಗಿ ಸಣ್ಣ ಗುಳ್ಳೆ, ಅಂದೆ.
‘ಕೆಸರು ಕೆದಕ್ತಿದೆ. ಗೆಂಡೆ. ಬಿಡು.’
ನಡುನೀರಲ್ಲಿ ದಪ್ಪ ತಲೆ, ಬಾಯಿ ಆಕಾಶಕ್ಕೆ.
‘ಕಾಟ್ಲಾ. ರೋಹು ಬಾಯಿ ಕೆಳಕ್ಕೆ, ತುಟಿಗೆ ಜಾಲರಿ.’
ದಡದ ಹತ್ತಿರ ತಟ್ಟೆಯಗಲ ಗುಂಡಿ, ಒಂದರ ಪಕ್ಕ ಒಂದು.
‘ಜಿಲೇಬಿ. ಸಿಕ್ಕಿದ ಕಡೆ ಸೈಟು ಮಾಡ್ಕೊಂಡು ಕೂತಿರ್ತವೆ,
ನಮ್ಮೂರೋರ ಹಂಗೇ.’

ಆಮೇಲೆ ಒಂದು ಸದ್ದು.
ಬಾಟಲಿಯ ಬಿರಡೆ ಕಿತ್ತ ಹಾಗೆ, ಒಂದೇ ಸಲ: ಗುಳುಕ್.
ಮುದುಕ ಬೀಡಿ ಆರಿಸಿದ.
ಕೊರಮೀನು. ಹಾವಿನ ತಲೆ, ದುಂಡು ಬಾಲ,
ನೀರಲ್ಲೇ ಹುಟ್ಟಿ ನೀರು ಸಾಲದೆ
ಗಾಳಿ ಕುಡಿಯಲು ಮೇಲೆ ಬರುವುದು.

ಹೋದ ತಿಂಗಳು ಒಂದು ಬಿದ್ದಿತ್ತು.
ರಬ್ಬರ್ ಕಪ್ಪೆಯನ್ನು ಎಲೆಯಿಂದೆಲೆಗೆ ಕುಪ್ಪಳಿಸಿ ತರುವಾಗ
ನೀರು ಸಿಡಿಯಿತು; ನಾನು ಎಳೆಯಹೋದೆ.
‘ಎಳೀಬೇಡ! ನುಂಗ್ಲಿ. ಐದು ಎಣಿಸು.’
ಮೂರಕ್ಕೇ ಮೊಣಕಾಲು ಸೋತಿತ್ತು.
ಎರಡೂವರೆ ಕಿಲೋ. ಒದ್ದೆ ಗೋಣಿಯಲ್ಲಿ ಸುತ್ತಿ
ಸ್ಕೂಟರಿನ ಮುಂದೆ ಇಟ್ಟರೆ
ಟಿನ್ ಫ್ಯಾಕ್ಟರಿ ಸಿಗ್ನಲ್ಲಿನಲ್ಲೂ ನನ್ನ ಕಾಲಿಗೆ ಒದೆಯುತ್ತಿತ್ತು.
‘ಕೋಳೀನಾ ಅಕ್ಕಾ?’ ಅಂದ ಪಕ್ಕದ ಆಟೋದವನು.

ಇವತ್ತು ಆರಿದ್ರಾ ಮಳೆ ಬಿಟ್ಟ ಬೆಳಗು.
ಜೊಂಡಿನ ಸಂದಿಯಲ್ಲಿ ನೀರಿಗೆ ಕುಂಕುಮ ಚೆಲ್ಲಿದಂತೆ
ಕೆಂಪು. ಅಲುಗುವ ಕೆಂಪು.
ಸಾವಿರ ಮರಿ, ಒಂದೊಂದೂ ಅಕ್ಕಿಕಾಳು.
ಕೆಳಗೆ ಕಪ್ಪಗೆ ತಾಯಿಯೋ, ತಂದೆಯೋ,
ಕಾವಲು ಎರಡರದ್ದೂ ಅಂತೆ.
ಆ ಕೆಂಪಿನ ನಡುವೆ ಏನೇ ಎಸೆ, ಕಚ್ಚುತ್ತದೆ.
ಹಸಿವಿಗಲ್ಲ.

‘ಏನು ಕಂಡೆ?’
ಅಕ್ಕಪಕ್ಕ ನೋಡಿದೆ. ‘ಜಿಲೇಬಿ,’ ಅಂದೆ.
‘ಕಂಡದ್ದು ಕೇಳಿದ್ದು ಕಣವ್ವ, ಹೆಸರಲ್ಲ.’

ಉತ್ತರ ಹುಡುಕುತ್ತಿರುವಾಗಲೇ
ಮಾರು ದೂರದಲ್ಲಿ, ನಮ್ಮಿಬ್ಬರಿಗೂ ಕೇಳುವಂತೆ:
ಗುಳುಕ್.

ಅವನು ದಾರ ಸುತ್ತಿದ. ಕಪ್ಪೆಯನ್ನು ಬಿಚ್ಚಿ,
ಮೈ ಒರೆಸಿ, ಅಂಗಿ ಜೇಬಿಗೆ ಹಾಕಿಕೊಂಡ.
ಏರಿ ಇಳಿಯುವಾಗ ನನ್ನ ಹೆಗಲು ಹಿಡಿದು ಅಂದ:
‘ಸಾರಿಗೆ ದಾರೀಲಿ ಮೊಟ್ಟೆ ತಗೋಬೇಕು, ನೆನಪು ಮಾಡು.’