ನಲವತ್ತೊಂದನೆಯ ತಾಕು

ನಕ್ಷೆ ಬಿಚ್ಚಿ ಹಾಸಿದವಳು ನಾನೇ.
ನೀಲಿ ಗೆರೆ ಎಡೆಲ್‌ಟ್ರಾಡಳ ಗೂಸ್‌ಬೆರಿ ಪೊದೆ ದಾಟಿ
ಮರದ ಗೂಡು ದಾಟಿ
ಅವಳ ಕಾಫಿ ಲೋಟದಡಿ ಹೋಗಿತ್ತು.
ಲೋಟ ಎತ್ತಲಿಲ್ಲ ಅವಳು.

“ಹೊಳೆಯಲ್ಲ ಮಗೂ ಇದು, ಮೋರಿ.
ಈ ರೂರ್ ಸೀಮೆಯಲ್ಲಿ ಕಲ್ಲಿದ್ದಲು ತೋಡಿ ತೋಡಿ
ನೆಲವೇ ಕುಸಿಯಿತು, ಹೂತ ಕೊಳವೆ ನಿಲ್ಲದು ಅಂತ
ಕಾಂಕ್ರೀಟಿನಲ್ಲಿ ಬಟಾಬಯಲಾಗಿ ಊರ ಹೇಲು ಹರಿಸಿದರು.
ಚೆಂಡು ಬಿದ್ದರೆ ಬಿತ್ತು, ಯಾರೂ ಇಳಿಯುತ್ತಿರಲಿಲ್ಲ.
ಇದಕ್ಕೀಗ ಹಾಸಿಗೆ ಬೇರೆ ಕೇಡು!”

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು
ನೂರು ವರ್ಷ ನೀರಿಗೆ ಬುದ್ಧಿ ಹೇಳಿದ್ದೆವು.
ಜುಲೈನ ಒಂದು ರಾತ್ರಿ ಅದು
ನೆರ್ಮಿನಳ ನೆಲಮಾಳಿಗೆಗೆ ಚಾಚಿತು ಕಾಲು.
ಬಟ್ಟೆ ಒಗೆಯುವ ಯಂತ್ರ
ಸೂರಿಗೆ ಬಡಿಯುತ್ತ ತೇಲಿತು.

ಕೊಳಕಿಗೆ ಬೇರೆ ಕೊಳವೆ ಇಟ್ಟೆವು, ಪಾತಾಳದಲ್ಲಿ.
ಚಪ್ಪಡಿ ಕಿತ್ತೆವು. ನೇರ ಇದ್ದದ್ದನ್ನು
ಬೇಕೆಂದೇ ಸೊಟ್ಟ ಮಾಡಿದೆವು;
ಎಂಜಿನಿಯರ್ ಕೈಗೆ ಅದೇ ಕಷ್ಟ.
ಸಹಿ ಹಾಕಿ, ಪೊದೆಗಳನ್ನು ಬೇರುಸಹಿತ ತಳ್ಳುಗಾಡಿಗೇರಿಸಿ
ಎಡೆಲ್‌ಟ್ರಾಡ್ ನನ್ನೊಡನೆ ಮಾತು ಬಿಟ್ಟಳು.

ಮೊನ್ನೆ ರಾತ್ರಿಯಿಡೀ ಸುರಿಯಿತು.
ಬೆಳಗ್ಗೆ ಬೂಟು ಹಾಕಿ ಹೋದೆ. ನಲವತ್ತೊಂದನೆಯ ತಾಕಿನಲ್ಲಿ
ಮೊಣಕಾಲುದ್ದ ನೀರು, ಹಾಲು ಕಡಿಮೆಯಾದ ಚಹಾದ ಬಣ್ಣ,
ಎಲ್ಲಿಗೂ ಅವಸರವಿಲ್ಲ.
ನೆರ್ಮಿನಳ ನೆಲಮಾಳಿಗೆಯಿಂದ
ಯಂತ್ರ ತಿರುಗುವ ಗುರ್ರ್ ಸದ್ದು.

ದಂಡೆಯ ಮೇಲೆ ಕೊಡೆ, ಕೊಡೆಯಡಿ ಅವಳು.
“ಅಗೋ, ನನ್ನ ಆಲೂಗಡ್ಡೆ ಪಾತಿಯಲ್ಲೇ ಮಲಗಿದೆ.”
ಆಮೇಲೆ, ನನ್ನ ಕಡೆ ತಿರುಗದೆಯೇ:
“ಹೊಸ ಒಕ್ಕಲು.
ಗೇಣಿ ಎಷ್ಟು ಕೊಡುತ್ತದಂತೆ, ಕೇಳು.”